ಗಡಿಗೆ ನೀರು ತಣ್ಣಗಾಗದ ಊರಿನಲ್ಲಿ

ಕಲಬುರಗಿಯಲ್ಲಿ ಏಳು ವರ್ಷ ಡ್ಯೂಟಿ ಮಾಡಿ ಮಂಗಳೂರಿಗೆ ಬರುವಾಗ ಒಂದು ಮಣ್ಣಿನ ಗಡಿಗೆಯನ್ನೂ ಹೊತ್ತು ತಂದಿದ್ದೆ. ಅಲ್ಲಿ ಮೇ ತಿಂಗಳ ಮಟಮಟ ಮಧ್ಯಾಹ್ನವೂ ಅದರ ನೀರು ತಣ್ಣಗಿರುತ್ತಿತ್ತು. ಇಲ್ಲಿ ಅದೇ ಗಡಿಗೆ, ಅದೇ ಮೇ ತಿಂಗಳು, ನೀರು ಮಾತ್ರ ಉಗುರುಬೆಚ್ಚಗೆ. ಗಡಿಗೆ ಹಳೆಯದಾಯಿತೇನೋ ಅಂತ ಇನ್ನೊಂದು ಕೊಂಡೆ. ಅದೂ ಅಷ್ಟೇ. ಡಾಕ್ಟರಾಗಿ ಇಷ್ಟು ಗೊತ್ತಾಗಲಿಲ್ವಾ ಅಂತ ಮನೆಯವರು ನಕ್ಕರು.

ಗಡಿಗೆಯ ಮೈಯಿಂದ ಜಿನುಗಿದ ನೀರು ಆರಿದಾಗಲೇ ಒಳಗಿನ ನೀರು ತಣ್ಣಗಾಗುವುದು. ನಮ್ಮ ಮೈಯೂ ಹಾಗೇ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋ ಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಅದು ಆರಬೇಕು. ಮೂಗಿನ ತುದಿಯಿಂದ ನೆಲಕ್ಕೆ ತೊಟ್ಟಿಕ್ಕಿದ ಬೆವರಿನಿಂದ ಏನೂ ಲಾಭವಿಲ್ಲ. ನೀರೂ ಉಪ್ಪೂ ಹೋಗಿದ್ದೇ ಬಂತು.

ಗಾಳಿಯಲ್ಲಿ ಮೊದಲೇ ತೇವ ತುಂಬಿಕೊಂಡು ಬೆವರು ಆರದ ಈ ಬಿಸಿಗೆ ಕರಾವಳಿಯವರು ಬಿಸಿಲು ಎನ್ನುವುದಿಲ್ಲ, ಸೆಖೆ ಎನ್ನುತ್ತಾರೆ. ವಿಜ್ಞಾನಿಗಳು ಅಳೆಯುವುದೂ ಈ ಸೆಖೆಯನ್ನೇ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿಯಿರಿ. ಬಟ್ಟೆ ಆರುತ್ತಾ ಪಾದರಸ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ವೆಟ್ ಬಲ್ಬ್ ಉಷ್ಣಾಂಶ. ಕಲಬುರಗಿಯಲ್ಲಿ 42 ಡಿಗ್ರಿ ಬಿಸಿಲಿದ್ದು ತೇವಾಂಶ ಶೇ. 20 ಇದ್ದರೆ ಅದು 24ರ ಹತ್ತಿರಕ್ಕೆ ಇಳಿಯುತ್ತದೆ. ಮಂಗಳೂರಿನಲ್ಲಿ ಬರೀ 34 ಡಿಗ್ರಿ, ತೇವಾಂಶ ಶೇ. 75 ಅಂದುಕೊಳ್ಳಿ. ಅದು 30ಕ್ಕೇ ನಿಂತುಬಿಡುತ್ತದೆ. ಟಿವಿಯಲ್ಲಿ ಸುದ್ದಿಯಾಗುವುದು 42. ಹವಾಮಾನ ಇಲಾಖೆಯೂ ಕರಾವಳಿಯಲ್ಲಿ 37 ಡಿಗ್ರಿ ಮುಟ್ಟದೆ ಬಿಸಿಗಾಳಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ 34ನ್ನು ಯಾರು ಕೇಳಬೇಕು?

ವೆಟ್ ಬಲ್ಬ್ 35 ಡಿಗ್ರಿಯಲ್ಲಿ ಬಹಳ ಹೊತ್ತು ಕಳೆದರೆ ಗಟ್ಟಿಮುಟ್ಟಾದ ಮನುಷ್ಯನೂ ಉಳಿಯಲಾರ ಎಂದು 2010ರಲ್ಲಿ ಸ್ಟೀವನ್ ಶರ್ವುಡ್ ಮತ್ತು ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿದ್ದರು. ಅದು ಕಾಗದದ ಮೇಲಿನ ಲೆಕ್ಕ. ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಲ್ಯಾರಿ ಕೆನ್ನಿ ತಂಡ ನಿಜವಾದ ಮೈಗಳ ಮೇಲೇ ಪರೀಕ್ಷೆ ಮಾಡಿತು. ಆರೋಗ್ಯವಂತ ಯುವಕ ಯುವತಿಯರಿಗೆ ಒಳಮೈಯ ಬಿಸಿ ಅಳೆಯುವ ಪುಟ್ಟ ಗುಳಿಗೆ ನುಂಗಿಸಿದರು. ಬಿಸಿ ಕೋಣೆಯಲ್ಲಿ ಮನೆಗೆಲಸದಷ್ಟೇ ಹಗುರವಾದ ಶ್ರಮ ಮಾಡಿಸಿದರು. 2022ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ ನಾನು ಬೆಚ್ಚಿಬಿದ್ದೆ. ಸೆಖೆಯ ವಾತಾವರಣದಲ್ಲಿ ವೆಟ್ ಬಲ್ಬ್ 30–31 ಡಿಗ್ರಿ ದಾಟುವಷ್ಟರಲ್ಲೇ ಮೈ ಸೋಲತೊಡಗಿತ್ತು. ಆ ಗಳಿಗೆಗೇ ಜೀವ ಹೋಗುತ್ತದೆ ಎಂದಲ್ಲ. ಅಲ್ಲಿಂದಾಚೆ ಒಳಮೈಯ ಬಿಸಿ ನಿಲ್ಲದೆ ಏರುತ್ತಾ ಹೋಗುತ್ತದೆ. ಇದು ಇಪ್ಪತ್ತರ ಆಸುಪಾಸಿನವರ ಮೈ. ನನ್ನ ಒಪಿಡಿಗೆ ಬರುವವರಲ್ಲಿ ಬಿಪಿ ಮಾತ್ರೆ ತಿನ್ನುವ ಅರವತ್ತು ದಾಟಿದವರೇ ಜಾಸ್ತಿ.

ಹಾಗಂತ ಕಲಬುರಗಿಯವರು ನಿರಾಳವಾಗಿರಬಹುದು ಅಂತಲ್ಲ. ಒಣ ಬಿಸಿಲಿನಲ್ಲಿ ಆ ಮಿತಿ ಇನ್ನೂ ಕೆಳಗೆ, 25–28ರಲ್ಲೇ ಸಿಕ್ಕಿತ್ತು. ಅಲ್ಲಿ ಬೆವರು ಆರುತ್ತದೆ ನಿಜ, ಆದರೆ ಬೇಕಾದಷ್ಟು ಬೆವರನ್ನು ಮೈ ಸುರಿಸಲಾರದು. 2010ರ ಮೇನಲ್ಲಿ ಅಹಮದಾಬಾದಿನಲ್ಲಿ 46.8 ಡಿಗ್ರಿ ತಲುಪಿತ್ತು. ಆ ಒಂದೇ ತಿಂಗಳಲ್ಲಿ ಮಾಮೂಲಿಗಿಂತ 1,344 ಸಾವು ಹೆಚ್ಚು. 2013ರಲ್ಲಿ ಆ ಊರು ಬಿಸಿಲಿಗೆಂದೇ ಯೋಜನೆ ಮಾಡಿಕೊಂಡಿತು.

ಸೆಖೆ ಮೊದಲಿಂದಲೂ ಇದೆ, ಹವಾಮಾನ ಬದಲಾವಣೆ ಎಲ್ಲಿಂದ ಬಂತು ಅಂತ ನಮ್ಮ ವಾರ್ಡಿನಲ್ಲೇ ಒಬ್ಬ ಹಿರಿಯರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. 2023ರ ಏಪ್ರಿಲ್‌ನಲ್ಲಿ ಭಾರತ ಮತ್ತು ಬಾಂಗ್ಲಾದೇಶವನ್ನು ಬೇಯಿಸಿದ ಸೆಖೆಯನ್ನು ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ಗುಂಪು ಪರಿಶೀಲಿಸಿತು. ಭೂಮಿ ಹೀಗೆ ಬಿಸಿಯಾಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಹೋಲಿಸಿ ನೋಡಿತು. ಅಂಥ ಸೆಖೆ ಬರುವ ಸಾಧ್ಯತೆ ಕನಿಷ್ಠ 30 ಪಟ್ಟು ಹೆಚ್ಚಿದೆ ಎಂದು ಕಂಡುಬಂತು. ಕಾರಣವೂ ಕಷ್ಟದ್ದೇನಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಪಕ್ಕದಲ್ಲೇ ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರವಿದೆ. ಆವಿಗೇನು ಬರ?

ಇದರಿಂದ ನಮ್ಮ ಚಿಕಿತ್ಸೆಯೂ ಬದಲಾಗಬೇಕಾಯಿತು. ಬಿಸಿಲ ಆಘಾತವಾಗಿ ಮಾತು ತೊದಲುವವರನ್ನು ಕಲಬುರಗಿಯಲ್ಲಿ ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಕೆಳಗೆ ಮಲಗಿಸಿದರೆ ಬಿಸಿ ಸರಸರ ಇಳಿಯುತ್ತಿತ್ತು. ಅದೂ ಗಡಿಗೆಯ ವಿದ್ಯೆಯೇ ಅಲ್ವಾ? ಇಲ್ಲಿ ಅದು ಬಲು ನಿಧಾನ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ಕರೆತರುತ್ತಾರೆ, ಈ ಬಿಸಿಗೆ ಅದು ಕೆಲಸ ಮಾಡುವುದಿಲ್ಲ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಸುರಿಯುವುದಂತೂ ಬೇಡವೇ ಬೇಡ. ಬೇಕಾಗಿರುವುದು ಐಸ್ ನೀರು, ಅದೂ ಮೈ ಮುಳುಗುವಷ್ಟು, ಆಂಬುಲೆನ್ಸ್ ಬರುವ ಮೊದಲೇ.

ಕಳೆದ ಬೇಸಿಗೆಯಲ್ಲಿ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದ ಹುಡುಗನೊಬ್ಬ ಕುಸಿದು ಬಿದ್ದ. ಜೊತೆಯವರು ಫೋನ್ ಮಾಡಿ, ಕರೆತರುವುದಕ್ಕೆ ರಿಕ್ಷಾ ಸಿಗುತ್ತಿಲ್ಲ ಎಂದರು. ಅಲ್ಲೇ ಇರುವ ಮೀನಿನ ಐಸನ್ನು ದೊಡ್ಡ ಕ್ರೇಟಿಗೆ ಸುರಿದು, ನೀರು ತುಂಬಿ, ತಲೆ ಮಾತ್ರ ನೀರಿನ ಮೇಲಿರುವಂತೆ ಹಿಡಿದು ಅವನನ್ನು ಅದರಲ್ಲಿ ಕೂರಿಸಿ ಎಂದೆ. ಅರ್ಧ ಗಂಟೆಯ ನಂತರ ನಮ್ಮಲ್ಲಿಗೆ ಬಂದಾಗ ಬಂಗುಡೆ ವಾಸನೆ ಹೊಡೆಯುತ್ತಿದ್ದ. ಹೆಸರು ಕೇಳಿದರೆ ಸರಿಯಾಗಿ ಹೇಳಿದ.