ಹಳೇ 800ಗೆ ಯಾವ ಕ್ಲಚ್ ಹಾಕಿಸೋದು?

ಹಳೇ ಮಾರುತಿ 800 ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಮೊದಲು ಕೇಳುವುದು, "ಕ್ಲಚ್ ಪ್ಲೇಟ್ ಎಷ್ಟಾಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಗೇರ್ ಬಾಕ್ಸ್ ಎಷ್ಟು ಸಲ ಇಳಿಸಬೇಕು ಸಾರ್?" ಪ್ಲೇಟ್ ಇರುವುದು ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ, ಅದನ್ನು ಮುಟ್ಟಬೇಕಾದರೆ ಗೇರ್ ಬಾಕ್ಸ್ ಕೆಳಗೆ ಬರಲೇಬೇಕು. ಮೈಮುರಿಯುವ ಕೆಲಸ ಅದೇ.

ಕೆಲಸ ಶುರು ಮಾಡಿದ ಹೊಸದರಲ್ಲಿ ನಾನೂ ದುಡ್ಡು ಉಳಿಸಿಕೊಡಲು ಹೋಗಿ ಕೆಟ್ಟಿದ್ದೇನೆ. ಒಬ್ಬ ಮೇಷ್ಟ್ರ ಕಾರಿಗೆ ಬರೀ ಪ್ಲೇಟ್ ಹಾಕಿದೆ. ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಹಳೇ ರಿಲೀಸ್ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿದರೆ ಚೆನ್ನಾಗೇ ಇತ್ತು, ಅಲ್ಲೇ ಬಿಟ್ಟೆ. ಮೂರು ತಿಂಗಳಿಗೆ ಕ್ಲಚ್ ಒತ್ತಿದಾಗೆಲ್ಲ ಕರ್ರ್ ಅನ್ನುವ ಸದ್ದು. ಮತ್ತೆ ಇಳಿಸಿದೆ, ಕೂಲಿ ಕೇಳಲು ಮುಖ ಇರಲಿಲ್ಲ. ಅವತ್ತಿನಿಂದ ಪ್ಲೇಟ್, ಅದನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟ್, ಬೇರಿಂಗ್ ಮೂರೂ ಒಟ್ಟಿಗೆ, ಒಂದೇ ಕಂಪನಿಯದು.

ಆದರೆ ಹೋಗಿರುವುದು ಕ್ಲಚ್ಚೇನಾ? 800ರಲ್ಲಿ ಕ್ಲಚ್ ಎಳೆಯುವುದು ಕೇಬಲ್. ಪೆಡಲ್‌ನಲ್ಲಿ ಸ್ವಲ್ಪವೂ ಸಡಿಲ ಇಲ್ಲದಿದ್ದರೆ ಒಳ್ಳೇ ಪ್ಲೇಟೂ ಜಾರುತ್ತೆ, ಸಡಿಲ ಜಾಸ್ತಿಯಾದರೆ ರಿವರ್ಸ್ ಹಾಕುವಾಗ ಗೇರ್ ಕಿರುಚುತ್ತೆ. ಮೊದಲು ಅದನ್ನು ಸರಿಮಾಡಿ. ಆಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರು, ನಲವತ್ತರ ವೇಗದಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ನೋಡಿ. ಇಂಜಿನ್ ಸದ್ದು ಏರಿ ಕಾರು ಮಾತ್ರ ಇದ್ದಲ್ಲೇ ಇದ್ದರೆ ಪ್ಲೇಟ್ ಮುಗಿದಿದೆ.

ಈಗ ಸಾಮಾನು ತರುವ ವಿಷಯ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗಿ "800 ಕ್ಲಚ್ ಕೊಡಿ" ಅಂದರೆ ಏನೋ ಒಂದು ಕೊಡುತ್ತಾರೆ, ಆದರೆ ಈ ಕಾರು 1983ರಿಂದ 2014ರವರೆಗೆ ತಯಾರಾದದ್ದು, ನಡುವೆ ಕಾರ್ಬುರೇಟರ್ ಹೋಗಿ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು, ಕೆಲವಕ್ಕೆ ಐದು ಗೇರೂ ಬಂತು. ಹಾಗಾಗಿ ಇಸವಿ, ಇಂಜಿನ್ ನಂಬರ್ ಹೇಳಿ. ಆಗುವುದಾದರೆ ಹಳೇ ಪ್ಲೇಟನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ. ಹೊಸದನ್ನು ಅದರ ಮೇಲಿಟ್ಟು ಅಗಲ ನೋಡಿ, ನಡುವಿನ ಹಲ್ಲು ಎಣಿಸಿ, ಆ ನಡುವಿನ ಭಾಗ ಎಷ್ಟು ಉಬ್ಬಿದೆ ಅಂತಲೂ ನೋಡಿ. ಅಗಲ, ಹಲ್ಲು ಎರಡೂ ಸರಿಯಿದ್ದು ಉಬ್ಬು ಬೇರೆಯಿದ್ದರೆ ಕಾರಿನಲ್ಲಿ ಕೂರಲ್ಲ.

ವಲಿಯೋ, ಲುಕ್, ಎಕ್ಸೆಡಿ ಕಂಪನಿಯದು, ಇಲ್ಲ ಮಾರುತಿಯದೇ ಡಬ್ಬ, ನಿಮ್ಮ ಕಾರಿಗೆ ಯಾವುದು ಸಿಗುತ್ತೋ ಅದು ನಡೆಯುತ್ತೆ. ಅದೇ ಹೆಸರಿನ ಡೂಪ್ಲಿಕೇಟ್ ಡಬ್ಬವೂ ಇರುತ್ತೆ, ಅದಕ್ಕೇ ಬಿಲ್ ಕೊಡುವ ಅಂಗಡಿಯಲ್ಲೇ ತನ್ನಿ. ಹಳೇ ಪ್ಲೇಟಿಗೆ ಹೊಸ ಲೈನಿಂಗ್, ಅಂದರೆ ಸವೆಯುವ ಮೇಲ್ಪದರ, ಹೊಡೆಸುವುದು ನನಗಂತೂ ಇಷ್ಟವಿಲ್ಲ. ಲೈನಿಂಗ್ ಹೊಸದಾದರೂ ನಡುವಿನ ಸ್ಪ್ರಿಂಗ್ ಹಳೇದೇ ಅಲ್ವಾ? "ಹೆವಿ ಡ್ಯೂಟಿ ಹಾಕಿ ಸಾರ್" ಅಂತ ಅಂಗಡಿಯವರು ಹೇಳಿದರೆ ಸುಮ್ನೆ ನಕ್ಕುಬಿಡಿ. 796 ಸಿಸಿ ಇಂಜಿನ್ನಿಗೆ ಅದು ಬೇಡ. ಪೆಡಲ್ ಗಟ್ಟಿಯಾಗಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಮ್ಮ ಮಂಡಿ ನೋಯುತ್ತೆ, ಅಷ್ಟೇ.

ಬಿಚ್ಚಿದಾಗ ನೀವು ಅಲ್ಲೇ ಇದ್ದರೆ ಒಳ್ಳೇದು. ಪ್ಲೇಟ್ ಒತ್ತಿಕೊಂಡು ಕೂರುವ ಇಂಜಿನ್ ಕಡೆಯ ಚಕ್ರ, ಫ್ಲೈವೀಲ್, ಅದರ ಮೇಲೆ ನೀಲಿ ಕಲೆ ಇದೆಯಾ? ಚಾರ್ಮಾಡಿ ಘಾಟಿಯಲ್ಲೋ ಟ್ರಾಫಿಕ್ ಏರಿನಲ್ಲೋ ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲಿ ಕಾರು ನಿಲ್ಲಿಸಿಕೊಂಡವರ ಗುರುತು ಅದು. ಉಗುರಿನಿಂದ ಗೀರಿ ನೋಡಿ, ಗೆರೆ ಸಿಕ್ಕರೆ ಲೇತಿಗೆ ಕಳಿಸಿ ಮುಖ ಸಮ ಮಾಡಿಸಬೇಕು. ಪ್ಲೇಟ್ ಸವೆದಿಲ್ಲ, ಆದರೆ ಒದ್ದೆಯಾಗಿ ಸುಟ್ಟ ಎಣ್ಣೆ ವಾಸನೆ ಹೊಡೀತಿದೆ ಅಂದರೆ ಹೋಗಿರುವುದು ಕ್ಲಚ್ ಅಲ್ಲ, ಇಂಜಿನ್ ಹಿಂದಿನದೋ ಗೇರ್ ಬಾಕ್ಸಿನದೋ ಆಯಿಲ್ ಸೀಲ್. ಕ್ಲಚ್ಚಿನ ಮುಂದೆ ಆ ಸೀಲಿನ ಬೆಲೆ ಏನೇನೂ ಅಲ್ಲ. ಅದನ್ನು ಬಿಟ್ಟು ಹೊಸ ಪ್ಲೇಟ್ ಹಾಕಿದರೆ ಅದೂ ಎಣ್ಣೆ ಕುಡಿಯುತ್ತೆ.

ಕೇಬಲ್ ಹಳೇದಾಗಿದ್ದರೆ ಅದನ್ನೂ ಬದಲಾಯಿಸಿ. ಮೊದಲ ಕೆಲವು ನೂರು ಕಿಲೋಮೀಟರ್ ಜಗ್ಗಾಡದೆ ಓಡಿಸಿ, ಆಮೇಲೆ ಒಮ್ಮೆ ಪೆಡಲ್ ಸಡಿಲ ನೋಡಿಸಿಕೊಳ್ಳಿ. ಬಿಚ್ಚಿದ ಹಳೇ ಸಾಮಾನೆಲ್ಲ ಡಿಕ್ಕಿಯಲ್ಲಿ ಹಾಕಿ ಕೊಡಿ ಅಂತ ಕೇಳಲು ಮಾತ್ರ ಸಂಕೋಚ ಬೇಡ.