ಕಾಪ್‌ವಾಲ್ ಕ್ರೇಟನ್: ವಯಸ್ಸು ಅಂದರೆ ಯಾವುದರ ವಯಸ್ಸು?

ದಕ್ಷಿಣ ಆಫ್ರಿಕಾದ ಕಾಪ್‌ವಾಲ್ ಕ್ರೇಟನ್ ಓದಲು ಕೂತರೆ ಮೊದಲು ಗೋಜಲಾಗುವುದು ಇಸವಿಗಳ ವಿಷಯದಲ್ಲಿ. ಒಂದೇ ಚಿನ್ನದ ನಿಕ್ಷೇಪಕ್ಕೆ ಒಂದು ಕಡೆ 303 ಕೋಟಿ ವರ್ಷ ಅಂತ ಇರುತ್ತದೆ, ಇನ್ನೊಂದು ಕಡೆ 285 ಕೋಟಿ, ಮತ್ತೊಂದು ಕಡೆ 205 ಕೋಟಿ. ಮೂರೂ ಒಟ್ಟಿಗೆ ಸರಿ ಇರಬಹುದು, ಏಕೆಂದರೆ ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. ಖನಿಜ ಹುಟ್ಟಿದ್ದು ಯಾವಾಗ? ಅದು ಈಗ ಕೂತಿರುವ ಬಂಡೆ ಹುಟ್ಟಿದ್ದು ಯಾವಾಗ? ಆಮೇಲೆ ಅದು ಕದಲಿದ್ದರೆ, ಅದು ಯಾವಾಗ? ಈ ಟಿಪ್ಪಣಿಯಲ್ಲಿ ಪ್ರತಿ ನಿಕ್ಷೇಪಕ್ಕೂ ಇದೇ ಮೂರು ಪ್ರಶ್ನೆ ಕೇಳುತ್ತಾ ಹೋಗುತ್ತೇನೆ. ಪುಸ್ತಕಗಳಲ್ಲಿ ಗಿಗಾ ವರ್ಷದ ಲೆಕ್ಕ ಇರುತ್ತದೆ. ನೂರರಿಂದ ಗುಣಿಸಿದರೆ ನಮ್ಮ ಕೋಟಿ ಲೆಕ್ಕ ಸಿಗುತ್ತದೆ.

ಕ್ರೇಟನ್ ಕಟ್ಟಿದ ಕಥೆ

ಕ್ರೇಟನ್ ಅಂದರೆ ಬಹಳ ಹಿಂದೆ ಗಟ್ಟಿಯಾಗಿ, ಆಮೇಲೆ ಹೆಚ್ಚು ಕದಲದೆ ಉಳಿದ ಖಂಡದ ತುಂಡು. ಕಾಪ್‌ವಾಲ್ ಸುಮಾರು 12 ಲಕ್ಷ ಚದರ ಕಿ.ಮೀ. ಇದೆ. ದಕ್ಷಿಣ ಆಫ್ರಿಕಾದ ಈಶಾನ್ಯ ಭಾಗದ ಜೊತೆಗೆ ಎಸ್ವಾಟಿನಿ, ಲೆಸೊಥೊ, ಬೋಟ್ಸ್‌ವಾನಾದ ಒಂದಿಷ್ಟು ನೆಲವೂ ಇದರಲ್ಲಿ ಸೇರುತ್ತದೆ. ಎಸ್ವಾಟಿನಿಯ ಹಳೆಯ ನೈಸ್ ಶಿಲೆಗಳು (ಬಿಸಿ, ಒತ್ತಡದಲ್ಲಿ ರೂಪ ಬದಲಾದ ಪಟ್ಟೆ ಪಟ್ಟೆ ಕಲ್ಲು) 360 ಕೋಟಿ ವರ್ಷ ದಾಟುತ್ತವೆ.

ಅಲ್ಲೇ ಪಕ್ಕದ ಬಾರ್ಬರ್ಟನ್ ಗ್ರೀನ್‌ಸ್ಟೋನ್ ಬೆಲ್ಟ್ (ಹಳೆಯ ಲಾವಾ, ಮಡ್ಡಿಶಿಲೆಗಳ ಹಸಿರು ಛಾಯೆಯ ಪಟ್ಟಿ) 355ರಿಂದ 322 ಕೋಟಿ ವರ್ಷಗಳ ನಡುವಿನದು. ಕೆಳಗಿನಿಂದ ಮೇಲಕ್ಕೆ ಮೂರು ಗುಂಪು: ಆನ್ವರ್‌ವಾಖ್ಟ್, ಫಿಗ್ ಟ್ರೀ, ಮೂಡೀಸ್. ಮೊದಲನೆಯದರಲ್ಲಿ ಲಾವಾ ಜಾಸ್ತಿ, ಉಳಿದೆರಡರಲ್ಲಿ ಮಡ್ಡಿಶಿಲೆ ಜಾಸ್ತಿ. ಇಲ್ಲಿನ ಕೊಮಾಟಿ ನದಿಯ ಹೆಸರು ಹೊತ್ತ ಲಾವಾ ಶಿಲೆ ಕೊಮಾಟಿಯೈಟ್. ವಿಲ್ಯೂನ್ ಸಹೋದರರು ಇದನ್ನು 1969ರಲ್ಲಿ ವಿವರಿಸಿದರು. ಇದರಲ್ಲಿ ಮೆಗ್ನೀಸಿಯಂ ಆಕ್ಸೈಡ್ ಶೇ. 18ಕ್ಕಿಂತ ಹೆಚ್ಚು. ಅಷ್ಟು ಮೆಗ್ನೀಸಿಯಂ ಇರುವ ಲಾವಾ ಹರಿಯಬೇಕಾದರೆ 1,600 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಈಗಿನ ಬಸಾಲ್ಟ್ ಲಾವಾ 1,200 ಡಿಗ್ರಿಯಷ್ಟು ಬಿಸಿ ಅಷ್ಟೇ. ಆಗಿನ ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ಶಿಲೆಯ ಭಾಗ) ಎಷ್ಟು ಕುದಿಯುತ್ತಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ.

ಮ್ಯಾಂಟಲ್ ಹೀಗೆ ಜೋರಾಗಿ ಕರಗಿದಾಗ ಕಬ್ಬಿಣ ಮತ್ತು ನೀರಿನ ಅಂಶ ಕರಗಿದ ಭಾಗದ ಜೊತೆ ಮೇಲೆ ಹೋಗಿಬಿಡುತ್ತದೆ. ಕೆಳಗೆ ಉಳಿದ ಮ್ಯಾಂಟಲ್ ಶಿಲೆಯಲ್ಲಿ ಕಬ್ಬಿಣ ಕಡಿಮೆ, ಹಾಗಾಗಿ ಹಗುರ. ನೀರೂ ಕಡಿಮೆ, ಹಾಗಾಗಿ ಬಿಗಿ. ಇದೇ ಕ್ರೇಟನ್‌ನ ಬೇರು, ಸುಮಾರು 200 ಕಿ.ಮೀ. ಆಳದವರೆಗೆ ಇಳಿದಿದೆ. ತಣ್ಣಗಿರುವ ಶಿಲೆ ಭಾರವಾಗಿ ಮುಳುಗಬೇಕಿತ್ತಲ್ವಾ? ಮುಳುಗಲಿಲ್ಲ, ಏಕೆಂದರೆ ತಣ್ಣಗಾಗಿ ಬಂದ ಭಾರವನ್ನು ಕಬ್ಬಿಣ ಕಳೆದುಕೊಂಡು ಬಂದ ಹಗುರತನ ಸರಿದೂಗಿಸುತ್ತದೆ. ಇದರ ಲಾಭ ಗಣಿಗಾರರಿಗೂ ಇದೆ. ಸಾಮಾನ್ಯ ನೆಲದಲ್ಲಿ ಪ್ರತಿ ಕಿ.ಮೀ. ಇಳಿದಂತೆ 25–30 ಡಿಗ್ರಿ ಬಿಸಿ ಏರುತ್ತದೆ, ಇಲ್ಲಿ ಏರುವುದು ಅದಕ್ಕಿಂತ ಬಹಳ ಕಡಿಮೆ. ಜೊಹಾನ್ಸ್‌ಬರ್ಗ್ ಹತ್ತಿರದ ಎಂಪೊನೆಂಗ್ ಗಣಿ ಸುಮಾರು 4 ಕಿ.ಮೀ. ಆಳಕ್ಕೆ ಹೋಗಲು ಸಾಧ್ಯವಾಗಿದ್ದು ಇದರಿಂದ. ಆದರೂ ಅಲ್ಲಿ ಬಂಡೆ 60 ಡಿಗ್ರಿ ದಾಟುತ್ತದೆ, ಗಾಳಿಯನ್ನು ತಂಪು ಮಾಡಿಯೇ ಕಳಿಸಬೇಕು.

ವಿಟ್‌ವಾಟರ್ಸ್‌ರ್ಯಾಂಡ್: ಇಲ್ಲಿ ನಿಧಾನವಾಗಿ ಓದಿ

1886ರಲ್ಲಿ ಲಾಂಗ್‌ಲಾಖ್ಟೆ ಎಂಬ ಜಮೀನಿನಲ್ಲಿ ಚಿನ್ನದ ಪದರ ಸಿಕ್ಕಿತು, ಜೊಹಾನ್ಸ್‌ಬರ್ಗ್ ಊರು ಹುಟ್ಟಿತು. ಇಲ್ಲಿಯವರೆಗೆ ವಿಟ್‌ವಾಟರ್ಸ್‌ರ್ಯಾಂಡ್ ಎಂಬ ಈ ಒಂದು ಜಲಾನಯನದಿಂದ ತೆಗೆದ ಚಿನ್ನ ಸುಮಾರು 50,000 ಟನ್. ಕೋಲಾರದ ಚಿತ್ರ ತಲೆಯಲ್ಲಿದ್ದರೆ ಸ್ವಲ್ಪ ಪಕ್ಕಕ್ಕಿಡಿ. ಕೋಲಾರದಲ್ಲಿ ಚಿನ್ನ ಇದ್ದದ್ದು ಗ್ರೀನ್‌ಸ್ಟೋನ್ ಸೀಳಿಕೊಂಡು ಬಂದ ಬೆಣಚುಕಲ್ಲಿನ ಎಳೆಗಳಲ್ಲಿ. ಬಾರ್ಬರ್ಟನ್‌ನ ಶೀಬಾ ಗಣಿ ಆ ಜಾತಿಯದು. ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ ಚಿನ್ನ ಇರುವುದು ಕಾಂಗ್ಲಾಮರೇಟ್‌ನಲ್ಲಿ. ಅಂದರೆ ನದಿ ತಂದು ಹಾಕಿದ ಉರುಟು ಕಲ್ಲುಗಳು ಅಂಟಿಕೊಂಡು ಬಂಡೆಯಾದ ತೆಳು ಪದರಗಳಲ್ಲಿ. ಗಣಿಯವರು ಇವನ್ನು ರೀಫ್ ಅನ್ನುತ್ತಾರೆ. ಚಿನ್ನ ಜಾಸ್ತಿ ಇರುವ ಮೇಲಿನ ಭಾಗದ ಹೆಸರು ಸೆಂಟ್ರಲ್ ರ್ಯಾಂಡ್ ಗುಂಪು, ಅದರ ಮಡ್ಡಿ ಶೇಖರವಾಗಿದ್ದು ಸುಮಾರು 290ರಿಂದ 280 ಕೋಟಿ ವರ್ಷಗಳ ಹಿಂದೆ.

ಈ ಚಿನ್ನ ಇಲ್ಲಿಗೆ ಹೇಗೆ ಬಂತು ಅನ್ನುವುದರಲ್ಲಿ ಎರಡು ಪಕ್ಷ ಇವೆ. ಒಂದು ಪಕ್ಷದ ಪ್ರಕಾರ ಚಿನ್ನದ ಕಣಗಳೂ ಉರುಟು ಕಲ್ಲುಗಳ ಜೊತೆಗೇ ನದಿಯಲ್ಲಿ ಬಂದವು. ಇನ್ನೊಂದು ಪಕ್ಷದ ಪ್ರಕಾರ ಕಾಂಗ್ಲಾಮರೇಟ್ ಹೂತುಹೋದ ಎಷ್ಟೋ ಕಾಲದ ಮೇಲೆ ಬಿಸಿನೀರು ಚಿನ್ನ ಕರಗಿಸಿ ತಂದು ಬಿರುಕುಗಳಲ್ಲಿ ಬಿಟ್ಟಿತು. ಎರಡನೆಯವರ ಕೈಯಲ್ಲಿ ಗಟ್ಟಿ ಸಾಕ್ಷಿ ಇದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಷ್ಟೋ ಚಿನ್ನ ಆಮೇಲಿನ ಬಿರುಕುಗಳಲ್ಲಿದೆ, ಇಂಗಾಲದ ಎಳೆಗಳಿಗೆ ಅಂಟಿಕೊಂಡಿದೆ. ಮೊದಲನೆಯವರ ಕೈಯಲ್ಲಿ ಉರುಟಾದ ಪೈರೈಟ್ (ಕಬ್ಬಿಣ-ಗಂಧಕದ ಖನಿಜ), ಯುರೇನಿನೈಟ್ (ಯುರೇನಿಯಂ ಖನಿಜ) ಕಣಗಳಿವೆ. ಆಮ್ಲಜನಕ ಇರುವ ನೀರಿನಲ್ಲಿ ಯುರೇನಿನೈಟ್ ಉಳಿಯುವುದಿಲ್ಲ, ಕರಗಿಹೋಗುತ್ತದೆ. ವಾತಾವರಣದಲ್ಲಿ ಆಮ್ಲಜನಕ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದಿನಿಂದ ಈಚೆಗೆ. ಅದಕ್ಕೂ ಮೊದಲಿನ ನದಿಗಳಲ್ಲಿ ಮಾತ್ರ ಇಂಥ ಕಣ ಉರುಳಿ ಉರುಟಾಗಲು ಸಾಧ್ಯ. ನಮ್ಮ ಬಾಬಾಬುಡನ್ ಗುಂಪಿನ ಬುಡದ ಬೆಣಚು ಕಾಂಗ್ಲಾಮರೇಟ್‌ನಲ್ಲೂ ಇಂಥ ಪೈರೈಟ್, ಯುರೇನಿನೈಟ್ ಕಣಗಳು ಸಿಕ್ಕಿವೆ. ವಾದ ಒಂದೇ, ಕ್ರೇಟನ್ ಬೇರೆ.

ಹಾಗಾದರೆ ಚಿನ್ನದ ವಯಸ್ಸನ್ನೇ ಅಳೆದುಬಿಡೋಣ ಅನ್ನಿಸುತ್ತದೆ ಅಲ್ವಾ? 2002ರಲ್ಲಿ ಅದೂ ಆಯಿತು, ರೀನಿಯಂ-ಆಸ್ಮಿಯಂ ವಿಧಾನದಲ್ಲಿ. ಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ. ನನಗೆ ಆ ಸಾಲು ದಾಟಲಾಗಲಿಲ್ಲ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ರೀನಿಯಂ-187 ಬಹಳ ನಿಧಾನವಾಗಿ ಆಸ್ಮಿಯಂ-187 ಆಗುತ್ತದೆ. ಅರ್ಧಾಯುಷ್ಯ ಸುಮಾರು 4,160 ಕೋಟಿ ವರ್ಷ, ಭೂಮಿಯ ವಯಸ್ಸಿನ ಒಂಬತ್ತು ಪಟ್ಟು. 300 ಕೋಟಿ ವರ್ಷದಲ್ಲಿ ಶೇ. 5ರಷ್ಟು ರೀನಿಯಂ ಮಾತ್ರ ಬದಲಾಗಿರುತ್ತದೆ. ಈಗ ಒಂದು ಚಿನ್ನದ ಕಣ ತೆಗೆದುಕೊಂಡು ಅದರಲ್ಲಿರುವ ಆಸ್ಮಿಯಂ-187 ಅಳೆದರೆ ವಯಸ್ಸು ಬರುತ್ತದಾ? ಬರುವುದಿಲ್ಲ. ಚಿನ್ನ ಹುಟ್ಟಿದಾಗಲೇ ಅದರಲ್ಲಿ ಒಂದಿಷ್ಟು ಆಸ್ಮಿಯಂ-187 ಇತ್ತು. ಎಷ್ಟು ಮೊದಲೇ ಇತ್ತು, ಎಷ್ಟು ಆಮೇಲೆ ಬಂತು? ಗೊತ್ತಿಲ್ಲದ ಸಂಖ್ಯೆ ಎರಡು, ಸಮೀಕರಣ ಒಂದು.

ಉಪಾಯ ಏನೆಂದರೆ, ಒಂದೇ ಮೂಲದ ಹಲವು ಕಣಗಳನ್ನು ಅಳೆಯುವುದು. ಅಡ್ಡ ಅಕ್ಷದಲ್ಲಿ ರೀನಿಯಂ-187, ಲಂಬ ಅಕ್ಷದಲ್ಲಿ ಆಸ್ಮಿಯಂ-187. ಎರಡನ್ನೂ ಆಸ್ಮಿಯಂ-188ರಿಂದ ಭಾಗಿಸಿರಬೇಕು. 188ನ್ನು ಆರಿಸಲು ಕಾರಣ, ರೀನಿಯಂ ಕ್ಷಯದಿಂದ ಅದರ ಪ್ರಮಾಣ ಬದಲಾಗುವುದಿಲ್ಲ. ಅದು ಸ್ಥಿರವಾಗಿ ನಿಂತ ಅಳತೆಗೋಲು. ಹುಟ್ಟಿದ ದಿನ ಎಲ್ಲ ಕಣಗಳ ಆಸ್ಮಿಯಂ ಅನುಪಾತ ಒಂದೇ, ಏಕೆಂದರೆ ಮೂಲ ಒಂದೇ. ರೀನಿಯಂ ಮಾತ್ರ ಒಂದರಲ್ಲಿ ಜಾಸ್ತಿ, ಇನ್ನೊಂದರಲ್ಲಿ ಕಡಿಮೆ. ಹಾಗಾಗಿ ಆ ದಿನ ಬಿಂದುಗಳು ಮಟ್ಟಸವಾದ ಗೆರೆಯ ಮೇಲಿರುತ್ತವೆ. ಕಾಲ ಕಳೆದಂತೆ ರೀನಿಯಂ ಜಾಸ್ತಿ ಇದ್ದ ಬಿಂದು ಜಾಸ್ತಿ ಮೇಲೇರುತ್ತದೆ, ಕಡಿಮೆ ಇದ್ದದ್ದು ಕಡಿಮೆ ಏರುತ್ತದೆ. ಗೆರೆ ಗೆರೆಯಾಗಿಯೇ ಉಳಿದು ಓರೆಯಾಗುತ್ತದೆ. ಓರೆ ಹೆಚ್ಚಿದಷ್ಟೂ ವಯಸ್ಸು ಹೆಚ್ಚು. ಎಡಗಡೆ ಲಂಬ ಅಕ್ಷವನ್ನು ಗೆರೆ ಮುಟ್ಟುವ ಜಾಗದಲ್ಲಿ ರೀನಿಯಂ ಸೊನ್ನೆ, ಅಂದರೆ ಅಲ್ಲಿ ಸಿಗುವುದು ಮೊದಲೇ ಇದ್ದ ಆಸ್ಮಿಯಂ. ಎರಡು ಅಜ್ಞಾತಕ್ಕೂ ಒಂದೇ ಗೆರೆಯಲ್ಲಿ ಉತ್ತರ ಸಿಕ್ಕಿತು. ಇದೇ ಐಸೊಕ್ರಾನ್.

ಲೆಕ್ಕ ಹಾಕಿ ನೋಡಿದರೆ ಮನಸ್ಸಿನಲ್ಲಿ ಕೂರುತ್ತದೆ. ಕ್ಷಯ ಸ್ಥಿರಾಂಕ ಪ್ರತಿ 100 ಕೋಟಿ ವರ್ಷಕ್ಕೆ 0.01666. 303 ಕೋಟಿಗೆ 3.03 × 0.01666 = 0.0505. ಇದನ್ನು ಘಾತೀಯ ಫಲನಕ್ಕೆ ಹಾಕಿ 1 ಕಳೆದರೆ ಓರೆ 0.0518. ಸಂಖ್ಯೆ ಇಷ್ಟು ಚಿಕ್ಕದಿರುವಾಗ ಘಾತೀಯ ಫಲನ ಬಿಟ್ಟರೂ ನಡೆಯುತ್ತದೆ, ಉತ್ತರ ಹತ್ತಿರಹತ್ತಿರ ಅದೇ. ಆಯ್ಕೆ ಪ್ರಶ್ನೆಗಳಿಗೆ ಇದು ನನ್ನ ಅಚ್ಚುಮೆಚ್ಚಿನ ಅಡ್ಡದಾರಿ.

ಈಗ ಅಸಲಿ ವಿಷಯ. 202 ಕೋಟಿ ವರ್ಷಗಳ ಹಿಂದೆ ಬಿಸಿನೀರು ಬಂದು ಎಲ್ಲ ಕಣಗಳ ಆಸ್ಮಿಯಂ ಕಲೆಸಿಬಿಟ್ಟಿತ್ತು ಅಂದುಕೊಳ್ಳಿ. ಆಗ ಅನುಪಾತ ಎಲ್ಲದರಲ್ಲೂ ಮತ್ತೆ ಒಂದೇ ಆಗುತ್ತಿತ್ತು, ಗೆರೆ ಮತ್ತೆ ಮಟ್ಟಸವಾಗುತ್ತಿತ್ತು. ಅಲ್ಲಿಂದ ಓರೆಯಾಗಲು ಶುರುವಾಗಿ ಇವತ್ತಿಗೆ 0.034 ಆಗಿರಬೇಕಿತ್ತು. ಸಿಕ್ಕಿದ್ದು ಸುಮಾರು 303 ಕೋಟಿ ವರ್ಷದ ಓರೆ. ಅಂದರೆ ಚಿನ್ನವು ತಾನು ಕೂತಿರುವ ಕಾಂಗ್ಲಾಮರೇಟ್‌ಗಿಂತ ಹಳೆಯದು. ಬಂಡೆಗಿಂತ ಹಳೆಯ ಕಣ ಬಂಡೆಯೊಳಗೆ ಇದ್ದರೆ ಅದು ಹೊರಗಿನಿಂದ ಬಂದಿರಬೇಕು. ಅಕ್ಷ ಮುಟ್ಟಿದ ಜಾಗದ ಅನುಪಾತವೂ ಆ ಕಾಲದ ಮ್ಯಾಂಟಲ್‌ಗೆ ಹತ್ತಿರ. ಇದಿಷ್ಟೂ ನದಿ ಪಕ್ಷದ ಕಡೆಗೆ ವಾಲುತ್ತದೆ.

ಒಂದು ಎಚ್ಚರಿಕೆ ಇದೆ. ಎರಡು ಬೇರೆ ಮೂಲದ ಆಸ್ಮಿಯಂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತರೂ ಓರೆ ಗೆರೆ ಬರುತ್ತದೆ, ಅದಕ್ಕೆ ವಯಸ್ಸಿನ ಅರ್ಥವೇ ಇರುವುದಿಲ್ಲ. ಸುಮ್ನೆ ಗೆರೆ ನೇರ ಇದೆ ಅಂತ ಒಪ್ಪಿಕೊಳ್ಳುವ ಹಾಗಿಲ್ಲ. ಬಹಳ ಜನ ಈಗ ಒಪ್ಪುವ ನಡುದಾರಿ ಹೀಗಿದೆ: ಚಿನ್ನ ನದಿಯಲ್ಲಿ ಬಂತು, ಹೂತ ಮೇಲೆ ಬಿಸಿನೀರು ಅದನ್ನು ಅಲ್ಲಲ್ಲೇ ಸ್ವಲ್ಪ ದೂರ ಕದಲಿಸಿತು. ನದಿ ನೀರಿನಲ್ಲೇ ಕರಗಿ ಬಂದ ಚಿನ್ನವನ್ನು ಸೂಕ್ಷ್ಮಜೀವಿಗಳ ಪದರ ಹಿಡಿದಿಟ್ಟಿತು ಅನ್ನುವ ಮೂರನೇ ವಾದವೂ ಇದೆ. ಆ ಇಂಗಾಲದ ಎಳೆಗಳನ್ನು ನೋಡಿದರೆ ಅದನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಈ ಪದರಗಳು ಸವೆದು ಹೋಗದೆ ಉಳಿದದ್ದು ಹೇಗೆ? ಮೊದಲು ಸುಮಾರು 270 ಕೋಟಿ ವರ್ಷಗಳ ಹಿಂದೆ ವೆಂಟರ್ಸ್‌ಡಾರ್ಪ್ ಲಾವಾ ಮೇಲೆ ಹರಿದು ಮುಚ್ಚಿತು. ಆಮೇಲೆ ಟ್ರಾನ್ಸ್‌ವಾಲ್ ಮಡ್ಡಿ ಕೂತಿತು. 202 ಕೋಟಿ ವರ್ಷಗಳ ಹಿಂದೆ ಇವತ್ತಿನ ಪ್ಯಾರಿಸ್ ಊರಿನ ಹತ್ತಿರ ದೊಡ್ಡ ಕ್ಷುದ್ರಗ್ರಹ ಬಡಿಯಿತು (ಫ್ರಾನ್ಸಿನದಲ್ಲ, ವಾಲ್ ನದಿ ದಂಡೆಯ ಚಿಕ್ಕ ಊರು). ಇದು ವ್ರೆಡೆಫೋರ್ಟ್ ಕುಳಿ. ಮಧ್ಯದ ನೆಲ ಮೇಲೆ ಉಬ್ಬಿತು, ಸುತ್ತಲಿನ ಪದರಗಳು ಬಳೆಯಾಕಾರದಲ್ಲಿ ಕೆಳಗೆ ಬಾಗಿದವು. ಕೆಳಗೆ ಹೋದ ಚಿನ್ನದ ಪದರ ಸವೆತದಿಂದ ತಪ್ಪಿಸಿಕೊಂಡಿತು.

ವಜ್ರ

ಇಲ್ಲಿ ಮೂರು ಪ್ರಶ್ನೆಯ ಅಂತರ ಇನ್ನೂ ದೊಡ್ಡದು. ಕಿಂಬರ್ಲಿಯ ಕಿಂಬರ್ಲೈಟ್ (ಮ್ಯಾಂಟಲ್ ಆಳದಿಂದ ಬಂದ ಜ್ವಾಲಾಮುಖಿ ಶಿಲೆ) ಕೊಳವೆಗಳು ಸ್ಫೋಟಿಸಿ ಮೇಲೆ ಬಂದದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ, ಡೈನೋಸಾರ್‌ಗಳಿದ್ದ ಕಾಲದಲ್ಲಿ. ಅದರೊಳಗಿನ ವಜ್ರಗಳಲ್ಲಿ ಸಿಕ್ಕಿಕೊಂಡಿರುವ ಗಾರ್ನೆಟ್ ಕಣಗಳು 320–330 ಕೋಟಿ ವರ್ಷ ತೋರಿಸಿದವು, 1984ರ ಅಧ್ಯಯನದಲ್ಲಿ. ಬಸ್ಸಿನ ಆರ್‌ಸಿ ನೋಡಿ ಪ್ರಯಾಣಿಕರ ವಯಸ್ಸು ಹೇಳೋಕಾಗುತ್ತಾ? ಕಿಂಬರ್ಲೈಟ್ ಬಸ್ಸು, ವಜ್ರ ಪ್ರಯಾಣಿಕ.

150 ಕಿ.ಮೀ.ಗಿಂತ ಆಳದಲ್ಲಿ, ಸುಮಾರು ಸಾವಿರ ಡಿಗ್ರಿ ಬಿಸಿಯಲ್ಲಿ ಅಷ್ಟು ಕಾಲ ಇದ್ದರೂ ಗಾರ್ನೆಟ್‌ನ ಗಡಿಯಾರ ಹೇಗೆ ಉಳಿಯಿತು? ವಜ್ರದ ಗೋಡೆ ದಾಟಿ ಪರಮಾಣುಗಳು ಹೊರಗೆ ಹೋಗಲಾರವು, ಒಳಗೆ ಬರಲಾರವು. ಒಳಗಿನ ಕಣ ಹೊರಗಿನ ಮ್ಯಾಂಟಲ್ ಜೊತೆ ಬೆರೆಯಲೇ ಇಲ್ಲ.

ಎಲ್ಲ ವಜ್ರಕ್ಕೂ ಇದೇ ವಯಸ್ಸು ಬರೆದುಬಿಡಬೇಡಿ. 1905ರಲ್ಲಿ 3,106 ಕ್ಯಾರೆಟ್‌ನ ಕಲಿನನ್ ವಜ್ರ ಕೊಟ್ಟ ಪ್ರೀಮಿಯರ್ ಗಣಿಯ ಕೊಳವೆ ಸುಮಾರು 115 ಕೋಟಿ ವರ್ಷದ್ದು. ಅಲ್ಲಿನ ಎಕ್ಲೊಜೈಟ್ (ಗಾರ್ನೆಟ್ ಇರುವ ಆಳದ ಶಿಲೆ) ಜಾತಿಯ ವಜ್ರಗಳ ವಯಸ್ಸೂ ಹತ್ತಿರಹತ್ತಿರ ಅಷ್ಟೇ ಬಂದಿದೆ. ಇಲ್ಲಿ ಪ್ರಯಾಣಿಕನೂ ಹೊಸಬ.

ವಜ್ರ ಹಳೆಯ ಕ್ರೇಟನ್‌ಗಳಲ್ಲೇ ಏಕೆ? ತಣ್ಣನೆಯ ಆಳವಾದ ಬೇರು ಬೇಕು. ಬೇರು ತೆಳುವಾಗಿದ್ದರೆ ಅಥವಾ ಬಿಸಿಯಾಗಿದ್ದರೆ ಅಲ್ಲಿ ಇಂಗಾಲ ಗ್ರಾಫೈಟ್ ಆಗಿಯೇ ಇರುತ್ತದೆ. ಇದನ್ನು 1966ರಲ್ಲಿ ಭೂವಿಜ್ಞಾನಿ ಕ್ಲಿಫರ್ಡ್ ನಿಯಮವಾಗಿ ಹೇಳಿದರು. ಧಾರವಾಡ ಕ್ರೇಟನ್ ಮೇಲೆ ಕೂತಿರುವ ಅನಂತಪುರದ ವಜ್ರಕರೂರು ಕೂಡ ಇದಕ್ಕೆ ಒಪ್ಪುತ್ತದೆ.

ಬುಶ್‌ವೆಲ್ಡ್, ಕಬ್ಬಿಣ, ಮ್ಯಾಂಗನೀಸ್

ಕಾಪ್‌ವಾಲ್ ಒಳಗೇ ಇರುವ ಬುಶ್‌ವೆಲ್ಡ್ ಶಿಲಾಸಮೂಹ ಸುಲಭ. 205.5 ಕೋಟಿ ವರ್ಷಗಳ ಹಿಂದೆ ಅಪಾರ ಮ್ಯಾಗ್ಮಾ ನುಗ್ಗಿ, ಪದರ ಪದರವಾಗಿ ಹರಳುಗಟ್ಟಿತು. ಹರಡಿರುವುದು ಸುಮಾರು 65,000 ಚದರ ಕಿ.ಮೀ. ಅದಿರು, ಬಂಡೆ ಎರಡೂ ಒಂದೇ ಮ್ಯಾಗ್ಮಾದ ಮಕ್ಕಳು, ಹಾಗಾಗಿ ಮೊದಲ ಎರಡು ಪ್ರಶ್ನೆಗೂ ಒಂದೇ ಉತ್ತರ. ಪ್ಲಾಟಿನಂಗೆ ಮೆರೆನ್‌ಸ್ಕಿ ರೀಫ್ (1924ರಲ್ಲಿ ಸಿಕ್ಕಿತು) ಮತ್ತು ಕ್ರೋಮೈಟ್ ಪದರ ಯುಜಿ2. ವನೇಡಿಯಂಗೆ ಮೇಲಿನ ಮ್ಯಾಗ್ನೆಟೈಟ್ ಪದರ. ಜಗತ್ತಿಗೆ ಗೊತ್ತಿರುವ ಪ್ಲಾಟಿನಂನ ಬಹುಪಾಲು ಇಲ್ಲೇ ಇದೆ. ಇಲ್ಲಿನ ರೀಫ್ ಎಂಬ ಮಾತಿಗೂ ನದಿಗೂ ಸಂಬಂಧವಿಲ್ಲ.

ಪಶ್ಚಿಮದ ಸಿಶೆನ್ ಕಬ್ಬಿಣ ಮತ್ತು ಕಲಹರಿ ಮ್ಯಾಂಗನೀಸ್ ಟ್ರಾನ್ಸ್‌ವಾಲ್ ಕಾಲದ ಸಮುದ್ರದ ಮಡ್ಡಿ, ಸುಮಾರು 250–240 ಕೋಟಿ. ಆದರೆ ಒಳ್ಳೆ ದರ್ಜೆಯ ಅದಿರಾಗಿದ್ದು ಆಮೇಲೆ, ಸಿಲಿಕಾ ತೊಳೆದುಹೋಗಿಯೋ ಬಿಸಿನೀರು ಹಾದುಹೋಗಿಯೋ. ಇಲ್ಲಿ ಮೂರನೇ ಪ್ರಶ್ನೆ ಮರೆಯಬೇಡಿ.

ಜಿಂಬಾಬ್ವೆಯ ಗ್ರೇಟ್ ಡೈಕ್‌ನಲ್ಲೂ ಕ್ರೋಮೈಟ್, ಪ್ಲಾಟಿನಂ ಇದೆ, ಹಾಗಾಗಿ ಅದನ್ನು ಬುಶ್‌ವೆಲ್ಡ್ ಜೊತೆ ಸೇರಿಸಿಬಿಡುವ ಸಾಧ್ಯತೆ ಜಾಸ್ತಿ. ಅದು ಲಿಂಪೊಪೊ ಬೆಲ್ಟ್‌ನ ಆಚೆಗಿನ ಜಿಂಬಾಬ್ವೆ ಕ್ರೇಟನ್‌ಗೆ ಸೇರಿದ್ದು, ಸುಮಾರು 550 ಕಿ.ಮೀ. ಉದ್ದ, 257.5 ಕೋಟಿ ವರ್ಷದ್ದು. ಬುಶ್‌ವೆಲ್ಡ್‌ಗಿಂತ 50 ಕೋಟಿ ವರ್ಷ ಹಳೆಯದು.