ಎರಡೂ 3.5 ಇಂಚಿನ ಫ್ಲಾಪಿ, ಆದರೂ ಮ್ಯಾಕ್‌ನದ್ದನ್ನು ಪಿಸಿ ಯಾಕೆ ಓದುವುದಿಲ್ಲ?

ಪ್ರಶ್ನೆ: ಮನೆಯ ಅಟ್ಟದಲ್ಲಿ ತಂದೆಯವರ ಹಳೆ ಮ್ಯಾಕಿಂತಾಷ್ ಫ್ಲಾಪಿಗಳು ಸಿಕ್ಕಿವೆ. ಯುಎಸ್‌ಬಿ ಫ್ಲಾಪಿ ಡ್ರೈವ್ ತಂದು ಹಾಕಿದರೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕಾ ಅಂತ ಕೇಳುತ್ತದೆ. ಡಿಸ್ಕ್ ಹಾಳಾಗಿದೆಯಾ? ಹಾಳಾಗಿಲ್ಲ ಅಂದರೆ, ಆ ಕಾಲದಲ್ಲಿ ಒಂದು ಕಂಪ್ಯೂಟರಿನ ಫೈಲನ್ನು ಇನ್ನೊಂದಕ್ಕೆ ಹೇಗೆ ಸಾಗಿಸುತ್ತಿದ್ದರು?

ಮೊದಲನೇ ಮಾತು: ಫಾರ್ಮ್ಯಾಟ್ ಅಂತ ದಯವಿಟ್ಟು ಒತ್ತಬೇಡಿ. ಈ ಪ್ರಶ್ನೆ ಕೇಳುವವರಲ್ಲಿ ಕೆಲವರು ಒತ್ತಿಬಿಟ್ಟ ಮೇಲೆ ಕೇಳುತ್ತಾರೆ. ಆಗ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಫ್ಲಾಪಿಯ ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಅದನ್ನು ಸರಿಸಿ ತೂತು ತೆರೆದಿರುವಂತೆ ಮಾಡಿ. ತೂತು ತೆರೆದಿದ್ದರೆ ಡ್ರೈವ್ ಬರೆಯುವುದಿಲ್ಲ, ಬರೀ ಓದುತ್ತದೆ.

ಈಗ ಡಿಸ್ಕ್ ವಿಷಯ. ಅದು ಹಾಳಾಗಿರಲೇಬೇಕು ಅಂತೇನಿಲ್ಲ. ಹಳೆ ಜಮೀನಿನ ಕಾಗದ ಮೋಡಿ ಲಿಪಿಯಲ್ಲಿದ್ದರೆ ನಮಗೆ ಓದಲು ಬರುವುದಿಲ್ಲ, ಹಾಗಂತ ಕಾಗದ ಖಾಲಿ ಅನ್ನುತ್ತೇವಾ? ನಿಮ್ಮ ಯುಎಸ್‌ಬಿ ಡ್ರೈವ್ ಮಾತ್ರ ಹಾಗೇ ಅನ್ನುತ್ತದೆ. ತನಗೆ ಗೊತ್ತಿರುವ ಬರವಣಿಗೆ ಕಾಣಲಿಲ್ಲ ಅಂದರೆ ಇದು ಬರೆಯದ ಡಿಸ್ಕ್ ಅಂತ ತೀರ್ಮಾನ ಮಾಡುತ್ತದೆ.

ಫ್ಲಾಪಿಯ ಮೇಲೆ ಸೊನ್ನೆ ಒಂದುಗಳು ಹಾಗೇ ಕೂತಿರುವುದಿಲ್ಲ. ಇರುವುದು ಕಾಂತದ ದಿಕ್ಕು ತಿರುಗುವ ಜಾಗಗಳು ಮಾತ್ರ. ಒಂದು ತಿರುವಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತಾಯಿತು ಅಂತ ಅಳೆದು, ಡ್ರೈವ್ ಅದನ್ನು ಬಿಟ್‌ಗಳಾಗಿ ಅರ್ಥ ಮಾಡಿಕೊಳ್ಳುತ್ತದೆ. ತುಂಬಾ ಹೊತ್ತು ತಿರುವೇ ಬರದಿದ್ದರೆ ತಾಳ ತಪ್ಪಿದ ಹಾಗೆ, ಎಣಿಕೆ ಕೈಬಿಟ್ಟು ಹೋಗುತ್ತದೆ. ಅದಕ್ಕೇ ಬಿಟ್‌ಗಳನ್ನು ತಿರುವುಗಳಾಗಿ ಬರೆಯಲು ಒಂದು ನಿಯಮ ಬೇಕು. ಐಬಿಎಂ ಪಿಸಿ ಎಂಎಫ್‌ಎಂ ಅನ್ನುವ ನಿಯಮ ಹಿಡಿಯಿತು, ಆಪಲ್ ಜಿಸಿಆರ್ ಅನ್ನುವುದನ್ನು ಹಿಡಿಯಿತು. ಜೊತೆಗೆ ವೇಗದ ವ್ಯತ್ಯಾಸ ಬೇರೆ. ಪಿಸಿಯ 3.5 ಇಂಚಿನ ಡ್ರೈವ್ ಯಾವಾಗಲೂ ನಿಮಿಷಕ್ಕೆ 300 ಸುತ್ತು ಸುತ್ತುತ್ತದೆ. 1984ರ ಮ್ಯಾಕ್‌ನ ಡ್ರೈವ್ ಹೊರಗಿನ ಟ್ರ್ಯಾಕ್‌ಗಳಲ್ಲಿ (ಡಿಸ್ಕಿನ ಮೇಲೆ ಒಂದರೊಳಗೊಂದು ಇರುವ ವೃತ್ತಗಳು) ನಿಧಾನವಾಗಿ, ಒಳಗಿನವುಗಳಲ್ಲಿ ಬೇಗ ಸುತ್ತುತ್ತಿತ್ತು. ಯಾಕೆ? ಹೊರಗಿನ ಸುತ್ತು ಉದ್ದ ಜಾಸ್ತಿ, ಅಲ್ಲಿ ಜಾಸ್ತಿ ತುಂಬಬಹುದು. 16 ಟ್ರ್ಯಾಕ್‌ಗಳಿಗೊಂದು ಗುಂಪು ಮಾಡಿ, ಹೊರಗಿನ ಗುಂಪಿನ ಪ್ರತಿ ಟ್ರ್ಯಾಕ್‌ಗೆ 12 ಸೆಕ್ಟರ್ (ಅಂದರೆ ಟ್ರ್ಯಾಕಿನ ತುಂಡು), ಆಮೇಲೆ 11, 10, 9, ಕೊನೆಗೆ 8. ಒಟ್ಟು 800 ಸೆಕ್ಟರ್, ಒಂದೊಂದರಲ್ಲಿ 512 ಬೈಟ್, ಅಂದರೆ ಒಂದು ಬದಿಗೆ 400 ಕೆಬಿ. ಎರಡೂ ಬದಿ ಬಳಸಿದರೆ 800. ಪಿಸಿ ಎಲ್ಲ ಟ್ರ್ಯಾಕ್‌ಗೂ 9 ಸೆಕ್ಟರ್ ಅಂತ ಸಮನಾಗಿ ಹಂಚಿ, ಅದೇ ಡಿಸ್ಕಿನಲ್ಲಿ 720 ಕೆಬಿಗೆ ನಿಂತಿತು. ಆಪಲ್‌ನ ಲೆಕ್ಕ ಜಾಣತನದ್ದೇ. ಆದರೆ ಪಿಸಿಯೊಳಗಿನ ಫ್ಲಾಪಿ ಚಿಪ್‌ಗೆ ಜಿಸಿಆರ್ ಗೊತ್ತೇ ಇರಲಿಲ್ಲ, ಹಾಗಾಗಿ ಬರೀ ಸಾಫ್ಟ್‌ವೇರ್ ಬರೆದು ಇದನ್ನು ಸರಿಮಾಡಲು ಸಾಧ್ಯವಿರಲಿಲ್ಲ. ನಿಮ್ಮ ಯುಎಸ್‌ಬಿ ಡ್ರೈವ್‌ನದ್ದೂ ಇದೇ ಕಥೆ.

1988ರಲ್ಲಿ ಆಪಲ್ ಮ್ಯಾಕ್ IIಎಕ್ಸ್ ಜೊತೆ ಸೂಪರ್‌ಡ್ರೈವ್ ತಂದಿತು. ಅದು ಎಂಎಫ್‌ಎಂ ಕೂಡ ಓದುತ್ತಿತ್ತು. ಆಮೇಲೆ ಪಿಸಿಯ ಫ್ಲಾಪಿಯನ್ನು ಮ್ಯಾಕ್‌ಗೆ ಹಾಕಿ ಆಪಲ್ ಫೈಲ್ ಎಕ್ಸ್‌ಚೇಂಜ್ ಅನ್ನುವ ಪ್ರೋಗ್ರಾಂನಿಂದ ಫೈಲ್ ತೆಗೆಯಬಹುದಾಯಿತು. ಎರಡೂ ಕಡೆ ಓಡಾಡುವವರು ಪಿಸಿ ಫ್ಲಾಪಿಯನ್ನೇ ಬಳಸುವುದು ರೂಢಿಯಾಯಿತು.

ಇದು ಮ್ಯಾಕ್ ಮತ್ತು ಪಿಸಿಯ ಜಗಳ ಮಾತ್ರ ಅಂದುಕೊಳ್ಳಬೇಡಿ. ಅದಕ್ಕೂ ಮುಂಚೆ ಸಿಪಿ/ಎಂ ಅನ್ನುವ ಆಪರೇಟಿಂಗ್ ಸಿಸ್ಟಂನ ಕಾಲದಲ್ಲಿ ಇನ್ನೂ ವಿಚಿತ್ರ ಇತ್ತು. ಗ್ಯಾರಿ ಕಿಲ್ಡಾಲ್ 1974ರಲ್ಲಿ ಬರೆದ ಸಿಪಿ/ಎಂ ಬೇರೆ ಬೇರೆ ಕಂಪನಿಯ ಯಂತ್ರಗಳಲ್ಲಿ ಓಡುತ್ತಿತ್ತು. 8 ಇಂಚಿನ ಡಿಸ್ಕಿಗೆ ಎಲ್ಲರೂ ಒಪ್ಪುವ ಒಂದು ರೂಪ ಇತ್ತು: 77 ಟ್ರ್ಯಾಕ್, ಟ್ರ್ಯಾಕ್‌ಗೆ 26 ಸೆಕ್ಟರ್, ಸೆಕ್ಟರ್‌ಗೆ 128 ಬೈಟ್. 5.25 ಇಂಚಿನ ಡಿಸ್ಕ್ ಬಂದಾಗ ಆ ಒಪ್ಪಂದ ಹೋಯಿತು. ಪ್ರತಿ ಕಂಪನಿಯೂ ತನಗೆ ತೋಚಿದ ಹಾಗೆ ಮಾಡಿತು. ಆಪರೇಟಿಂಗ್ ಸಿಸ್ಟಂ ಒಂದೇ, ಡಿಸ್ಕಿನ ಅಳತೆ ಒಂದೇ, ಆದರೂ ಕೇಪ್ರೋ ಅನ್ನುವ ಕಂಪ್ಯೂಟರಿನ ಡಿಸ್ಕನ್ನು ಆಸ್ಬಾರ್ನ್‌ನಲ್ಲಿ ಸುಮ್ನೆ ಹಾಕಿದರೆ ಓದುತ್ತಿರಲಿಲ್ಲ. (ಆಸ್ಬಾರ್ನ್ 1 ಅಂದರೆ 1981ರಲ್ಲಿ ಬಂದ, ಸುಮಾರು 11 ಕೆಜಿ ತೂಕದ, ಕೈಯಲ್ಲಿ ಹಿಡಿದು ಹೋಗುವ ಕಂಪ್ಯೂಟರ್. ಅದನ್ನು ಮಾಡಿಸಿದ ಆಡಂ ಆಸ್ಬಾರ್ನ್ ಬಾಲ್ಯ ಕಳೆದದ್ದು ತಮಿಳುನಾಡಿನಲ್ಲಿ, 2003ರಲ್ಲಿ ತೀರಿಕೊಂಡದ್ದು ಕೊಡೈಕನಾಲ್‌ನಲ್ಲಿ. ನಮ್ಮ ಪಕ್ಕದ ಊರಿನವರು ಅನ್ನಬಹುದು.) ಆದರೆ ಇಲ್ಲಿ ವ್ಯತ್ಯಾಸ ಇದ್ದದ್ದು ಬಹುಮಟ್ಟಿಗೆ ಸೆಕ್ಟರ್‌ಗಳನ್ನು ಹಂಚುವ ರೀತಿಯಲ್ಲಿ. ಹಾಗಾಗಿ ಸಾಫ್ಟ್‌ವೇರ್ ಇದನ್ನು ಬಿಡಿಸಬಲ್ಲದಾಗಿತ್ತು. ಪಿಸಿಯ ಮೇಲೆ ಓಡುವ 22ಡಿಸ್ಕ್ ಅನ್ನುವ ಪ್ರೋಗ್ರಾಂ ನೂರಾರು ಸಿಪಿ/ಎಂ ರೂಪಗಳನ್ನು ಓದುತ್ತಿತ್ತು.

ಹಾಗಾದರೆ ಡಿಸ್ಕ್ ಒಪ್ಪದಾಗ ಜನ ಏನು ಮಾಡುತ್ತಿದ್ದರು? ಡಿಸ್ಕನ್ನು ಪಕ್ಕಕ್ಕಿಟ್ಟು ತಂತಿ ಹಿಡಿಯುತ್ತಿದ್ದರು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದೇ. ತನ್ನ ಡಿಸ್ಕನ್ನು ಪ್ರತಿ ಕಂಪ್ಯೂಟರೂ ಓದಬಲ್ಲದು. ಓದಿದ ಬೈಟ್‌ಗಳನ್ನು ತಂತಿಯಲ್ಲಿ ಒಂದೊಂದಾಗಿ ಕಳಿಸಿದರೆ, ಆ ಕಡೆಯ ಕಂಪ್ಯೂಟರ್ ತನ್ನ ರೀತಿಯಲ್ಲಿ ತನ್ನ ಡಿಸ್ಕಿಗೆ ಬರೆದುಕೊಳ್ಳುತ್ತದೆ. ಜಿಸಿಆರ್ ಎಂಎಫ್‌ಎಂ ಪ್ರಶ್ನೆಯೇ ಏಳುವುದಿಲ್ಲ.

ಆ ತಂತಿ ಹೋಗುತ್ತಿದ್ದದ್ದು ಸೀರಿಯಲ್ ಪೋರ್ಟ್‌ಗೆ. ಆರ್‌ಎಸ್-232 ಅನ್ನುವ ಈ ಏರ್ಪಾಡು ಮಾಡಿದ್ದು ಟರ್ಮಿನಲ್ (ದೊಡ್ಡ ಕಂಪ್ಯೂಟರಿನ ಜೊತೆ ಮಾತಾಡುವ ಕೀಬೋರ್ಡ್, ಪರದೆ) ಮತ್ತು ಮೋಡೆಮ್ (ಫೋನ್ ಲೈನಿನಲ್ಲಿ ಬಿಟ್ ಕಳಿಸುವ ಪೆಟ್ಟಿಗೆ) ಮಾತಾಡಲಿ ಅಂತ, ಎರಡು ಕಂಪ್ಯೂಟರ್ ಮಾತಾಡಲಿ ಅಂತ ಅಲ್ಲ. 25 ಪಿನ್‌ನ ಪ್ಲಗ್‌ನಲ್ಲಿ ಕಂಪ್ಯೂಟರ್ 2ನೇ ಪಿನ್‌ನಲ್ಲಿ ಹೇಳುತ್ತದೆ, 3ನೇ ಪಿನ್‌ನಲ್ಲಿ ಕೇಳುತ್ತದೆ. ಎರಡು ಕಂಪ್ಯೂಟರನ್ನು ನೇರ ತಂತಿಯಿಂದ ಜೋಡಿಸಿದರೆ ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದ ಹಾಗೆ. ಅದಕ್ಕೇ 2 ಮತ್ತು 3ನ್ನು ಅದಲು ಬದಲು ಮಾಡಿದ ಕೇಬಲ್ ಬೇಕು. ಅದರ ಹೆಸರು ನಲ್ ಮೋಡೆಮ್. 7ನೇ ಪಿನ್ ಗ್ರೌಂಡ್. ಬರೀ ಈ ಮೂರು ತಂತಿ ಬೆಸುಗೆ ಹಾಕಿಕೊಂಡು ಕೆಲಸ ಮುಗಿಸಿದವರು ಬೇಕಾದಷ್ಟು ಜನ.

ವೇಗ? ಒಂದು ಬೈಟ್ ಕಳಿಸಲು ಅದರ 8 ಬಿಟ್ ಜೊತೆ ಹಿಂದೆ ಮುಂದೆ ಒಂದೊಂದು ಸೇರಿ 10 ಬಿಟ್ ಬೇಕು. 9600 ಬಿಟ್ ವೇಗದಲ್ಲಿ ಸೆಕೆಂಡಿಗೆ 960 ಬೈಟ್. ಒಂದು ತುಂಬಿದ 360 ಕೆಬಿ ಫ್ಲಾಪಿ ಸಾಗಿಸಲು ಆರೂವರೆ ನಿಮಿಷ. ಫೋನ್ ಲೈನಿನ ಮೇಲೆ 300 ಬಿಟ್‌ನ ಮೋಡೆಮ್ ಇದ್ದರೆ ಅದೇ ಕೆಲಸಕ್ಕೆ ಸುಮಾರು 3 ಗಂಟೆ 25 ನಿಮಿಷ.

ಇಷ್ಟು ಹೊತ್ತು ಹೋಗುವ ಲೈನಿನಲ್ಲಿ ಒಂದು ಬಿಟ್ ಕೆಟ್ಟರೂ ಪ್ರೋಗ್ರಾಂ ಓಡುವುದಿಲ್ಲ. ಅದಕ್ಕೆ ವಾರ್ಡ್ ಕ್ರಿಸ್ಟೆನ್‌ಸನ್ 1977ರಲ್ಲಿ ಒಂದು ಸರಳ ಪದ್ಧತಿ ಮಾಡಿದರು, ಆಮೇಲೆ ಅದಕ್ಕೆ ಎಕ್ಸ್‌ಮೋಡೆಮ್ ಅನ್ನುವ ಹೆಸರು ಬಂತು. ಫೈಲನ್ನು 128 ಬೈಟ್‌ನ ತುಂಡು ಮಾಡು, ತುಂಡಿಗೆ ನಂಬರ್ ಹಾಕು, ಕೊನೆಗೆ ಎಲ್ಲ ಬೈಟ್ ಕೂಡಿ ಬಂದ ಮೊತ್ತದ ಒಂದು ಬೈಟ್ ಸೇರಿಸು. ಆ ಕಡೆಯವನು ತಾನೂ ಕೂಡಿ ನೋಡುತ್ತಾನೆ. ಸರಿ ಬಂದರೆ ಸರಿ ಅನ್ನುತ್ತಾನೆ, ಇಲ್ಲದಿದ್ದರೆ ಅದೇ ತುಂಡನ್ನು ಮತ್ತೆ ಕಳಿಸು ಅನ್ನುತ್ತಾನೆ. ಅಷ್ಟೇ! 128 ಯಾಕೆ ಅಂದರೆ, ಸಿಪಿ/ಎಂ ಫೈಲಿನ ಉದ್ದವನ್ನು 128 ಬೈಟ್‌ನ ಲೆಕ್ಕದಲ್ಲೇ ಇಡುತ್ತಿತ್ತು. ಇದರಿಂದ 1000 ಬೈಟ್‌ನ ಫೈಲ್ ಆ ಕಡೆ ತಲುಪುವಾಗ 1024 ಆಗಿರುತ್ತಿತ್ತು. ಕೊನೆಯಲ್ಲಿ ಮಿಕ್ಕ ಜಾಗಕ್ಕೆ 26 ಅನ್ನುವ ಸಂಖ್ಯೆ ತುಂಬುತ್ತಿದ್ದರು. ಹಳೆ ಫೈಲ್‌ಗಳ ಬಾಲದಲ್ಲಿ ಆ ಗುರುತು ಸಾಲಾಗಿ ಕಂಡರೆ, ಅದು ಬಹುಶಃ ಇಂಥ ತಂತಿಯಲ್ಲಿ ಪ್ರಯಾಣ ಮಾಡಿ ಬಂದದ್ದು.

ನನಗೆ ಇದಕ್ಕಿಂತ ಜಾಸ್ತಿ ಇಷ್ಟ ಆಗುವುದು ಕರ್ಮಿಟ್. 1981ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಮಾಡಿದ್ದು. ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಜಾಗ ಚಿಕ್ಕದು. ತಮ್ಮ ಫೈಲನ್ನು ಫ್ಲಾಪಿಗೆ ಇಳಿಸಿಕೊಂಡು, ಬೇಕಾದಾಗ ಮತ್ತೆ ಏರಿಸಲಿ ಅಂತ ಇದು ಹುಟ್ಟಿತು. ತೊಂದರೆ ಏನೆಂದರೆ, ದೊಡ್ಡ ಕಂಪ್ಯೂಟರಿನ ಎಷ್ಟೋ ಲೈನ್‌ಗಳು 7 ಬಿಟ್ ಮಾತ್ರ ದಾಟಿಸುತ್ತಿದ್ದವು. ಅಷ್ಟೇ ಅಲ್ಲ, 32ಕ್ಕಿಂತ ಕಡಿಮೆ ಸಂಖ್ಯೆಯ ಬೈಟ್‌ಗಳನ್ನು ಮಧ್ಯದಲ್ಲಿರುವ ಯಂತ್ರಗಳು ಆಜ್ಞೆ ಅಂದುಕೊಂಡು ನುಂಗಿಬಿಡುತ್ತಿದ್ದವು. ಕರ್ಮಿಟ್ ಅಂಥ ಬೈಟನ್ನು ನೇರ ಕಳಿಸುವುದೇ ಇಲ್ಲ. 64 ಸೇರಿಸಿ ಮಾಮೂಲಿ ಅಕ್ಷರ ಮಾಡಿ, ಮುಂದೆ ಒಂದು ಹ್ಯಾಶ್ ಗುರುತು ಇಡುತ್ತದೆ. 1 ಅನ್ನುವ ಬೈಟ್ 65 ಆಗುತ್ತದೆ, ಅಂದರೆ ಇಂಗ್ಲಿಷಿನ ದೊಡ್ಡ ಎ. ಆ ಕಡೆಯ ಕರ್ಮಿಟ್ ಹ್ಯಾಶ್ ನೋಡಿ ಹಿಂದಕ್ಕೆ ತಿರುಗಿಸುತ್ತದೆ. ನಿಧಾನ ನಿಜ. ಆದರೆ ಬೇರೆ ಯಾವುದೂ ದಾಟದ ಲೈನಿನಲ್ಲೂ ಇದು ದಾಟುತ್ತಿತ್ತು. ತಮ್ಮ ತಮ್ಮ ಯಂತ್ರಕ್ಕೆ ಕರ್ಮಿಟ್ ಬರೆದು ಕೊಟ್ಟವರು ಜಗತ್ತಿನ ತುಂಬಾ ಇದ್ದರು.

ಇಲ್ಲಿ ಚುರುಕಾದ ಓದುಗರು ತಡೆದು ಕೇಳುತ್ತಾರೆ: ಎರಡೂ ಕಡೆ ಕರ್ಮಿಟ್ ಬೇಕು ಅಂದರೆ, ಆ ಕಡೆಯ ಯಂತ್ರಕ್ಕೆ ಕರ್ಮಿಟ್ ಹೋಗಿ ಸೇರುವುದು ಹೇಗೆ? ಬೀಜ ಮೊದಲಾ ಮರ ಮೊದಲಾ ಅನ್ನುವ ಪ್ರಶ್ನೆ ಇದು. ಆ ಯಂತ್ರದಲ್ಲಿ ಮೊದಲೇ ಇರುವುದನ್ನೇ ಬಳಸಬೇಕು. ಸಿಪಿ/ಎಂನಲ್ಲಿ ಪಿಪ್ ಅನ್ನುವ ಆಜ್ಞೆಗೆ ಸೀರಿಯಲ್ ಪೋರ್ಟ್‌ನಿಂದ ಬಂದದ್ದನ್ನು ಫೈಲಿಗೆ ಬರೆಯಲು ಹೇಳಬಹುದಿತ್ತು. ಪ್ರೋಗ್ರಾಮನ್ನು ಬರೀ ಅಂಕಿ ಅಕ್ಷರಗಳ ಹೆಕ್ಸ್ ರೂಪಕ್ಕೆ ತಂದು ಪಠ್ಯದ ಹಾಗೆ ಕಳಿಸಿ, ಆ ಕಡೆ ಲೋಡ್ ಆಜ್ಞೆ ಕೊಟ್ಟರೆ ಅದು ಓಡುವ ಪ್ರೋಗ್ರಾಂ ಆಗುತ್ತಿತ್ತು. ಪಿಸಿಯ ಆಪರೇಟಿಂಗ್ ಸಿಸ್ಟಂ ಎಂಎಸ್-ಡಾಸ್‌ನಲ್ಲಿ ಇನ್ನೂ ಸೊಗಸಾದ ಉಪಾಯ ಇತ್ತು. ಸಿಟಿಟಿವೈ ಅನ್ನುವ ಆಜ್ಞೆ ಕೊಟ್ಟರೆ ಡಾಸ್ ತನ್ನ ಕೀಬೋರ್ಡ್ ಬಿಟ್ಟು ಸೀರಿಯಲ್ ಪೋರ್ಟ್‌ನಿಂದ ಮಾತು ಕೇಳಲು ಶುರುಮಾಡುತ್ತದೆ. ಅಂದರೆ ಪಕ್ಕದ ಕಂಪ್ಯೂಟರ್ ತಂತಿಯ ಮೂಲಕವೇ ಇದರಲ್ಲಿ ಟೈಪ್ ಮಾಡಿದ ಹಾಗೆ! ಫೈಲ್ ಸಾಗಿಸುವ ಲ್ಯಾಪ್‌ಲಿಂಕ್ ಅನ್ನುವ ಪ್ರೋಗ್ರಾಂ ಹೀಗೇ ತನ್ನನ್ನು ತಾನೇ ಆ ಕಡೆಗೆ ಕಳಿಸಿಕೊಳ್ಳುತ್ತಿತ್ತು. 1993ರ ಎಂಎಸ್-ಡಾಸ್ 6ರ ಇಂಟರ್‌ಲಿಂಕ್ ಕೂಡ ಇದೇ ದಾರಿ ಹಿಡಿಯಿತು. ಫ್ಲಾಪಿ ಡ್ರೈವ್ ಕೆಟ್ಟ ಹಳೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದು ಈಗಲೂ ಕೆಲಸಕ್ಕೆ ಬರುತ್ತದೆ.

ಬೈಟ್‌ಗಳು ತಲುಪಿದವು. ಕೆಲಸ ಮುಗಿಯಿತಾ? ಇಲ್ಲ. ಬೈಟ್ ತಲುಪುವುದು ಬೇರೆ, ಅದರ ಅರ್ಥ ತಲುಪುವುದು ಬೇರೆ.

ಸಾಲು ಮುಗಿಯಿತು ಅನ್ನುವುದನ್ನೇ ನೋಡಿ. ಮ್ಯಾಕ್ ಅಲ್ಲಿ 13 ಬರೆಯುತ್ತಿತ್ತು, ಯೂನಿಕ್ಸ್ 10 ಬರೆಯುತ್ತದೆ, ಸಿಪಿ/ಎಂ ಮತ್ತು ಡಾಸ್ ಎರಡನ್ನೂ ಬರೆಯುತ್ತವೆ. ಹಾಗಾಗಿ ಹಳೆ ಮ್ಯಾಕ್‌ನ ಪಠ್ಯ ಇನ್ನೊಂದು ಕಡೆ ತೆರೆದಾಗ ಇಡೀ ಪತ್ರ ಒಂದೇ ಸಾಲಾಗಿ ಕಾಣಬಹುದು. ಪತ್ರ ಬರೆಯುವ ಪ್ರೋಗ್ರಾಂ ವರ್ಡ್‌ಸ್ಟಾರ್ ಪದದ ಕೊನೆಯ ಅಕ್ಷರದ 8ನೇ ಬಿಟ್ಟನ್ನು ತನ್ನ ಗುರುತಿಗೆ ಬಳಸುತ್ತಿತ್ತು, ಬೇರೆ ಪ್ರೋಗ್ರಾಂನಲ್ಲಿ ನೋಡಿದರೆ ಪ್ರತಿ ಪದದ ಬಾಲವೂ ಚಿತ್ರವಿಚಿತ್ರ. 8ನೇ ಬಿಟ್ ಕತ್ತರಿಸಿದರೆ ಇಂಗ್ಲಿಷ್ ಸರಿಹೋಗುತ್ತಿತ್ತು. ಕನ್ನಡದ್ದು ಮಾತ್ರ ತದ್ವಿರುದ್ಧ. ಭಾರತೀಯ ಭಾಷೆಗಳಿಗೆ ಮಾಡಿದ ಇಸ್ಕಿ ಸಂಕೇತದಲ್ಲಿ ನಮ್ಮ ಅಕ್ಷರಗಳೆಲ್ಲ ಇರುವುದು 8ನೇ ಬಿಟ್ ಇರುವ ಮೇಲಿನ ಅರ್ಧದಲ್ಲೇ. ಮ ಅಂದರೆ 204, ರ ಅಂದರೆ 207. ಇದನ್ನು 7 ಬಿಟ್‌ನ ಲೈನಿನಲ್ಲಿ ಹಾಗೇ ಕಳಿಸಿದರೆ ಎರಡರಲ್ಲೂ 128 ಕಳೆದು 76, 79 ಉಳಿಯುತ್ತದೆ. ಈ ಕಡೆ ಬರೆದದ್ದು ‘ಮರ’, ಆ ಕಡೆ ಕಾಣುವುದು ಇಂಗ್ಲಿಷಿನ ಎಲ್ ಮತ್ತು ಓ. 1990ರ ದಶಕದ ಕನ್ನಡ ಫೈಲ್‌ಗಳನ್ನು ಈಗ ತೆರೆದಾಗ ಅರ್ಥವಿಲ್ಲದ ಅಕ್ಷರಗಳು ಬರುವುದೂ ಇದರ ತಮ್ಮನೇ. ಆಗ ಎಷ್ಟೋ ಫೈಲ್‌ಗಳಲ್ಲಿ ಇಟ್ಟದ್ದು ಅಕ್ಷರದ ಸಂಕೇತ ಅಲ್ಲ, ಫಾಂಟಿನ ತುಂಡುಗಳ ಸಂಕೇತ. ಯೂನಿಕೋಡ್‌ಗೆ ಪರಿವರ್ತಿಸದೆ ಅವು ಓದಲು ಬರುವುದಿಲ್ಲ.

ಮ್ಯಾಕ್ ಫೈಲ್‌ಗೆ ಇನ್ನೊಂದು ವಿಶೇಷ ಇದೆ, ನಿಮಗೆ ಇದು ನೇರವಾಗಿ ಬೇಕಾಗುತ್ತದೆ. ಆಗಿನ ಮ್ಯಾಕ್‌ನಲ್ಲಿ ಒಂದು ಫೈಲ್ ಅಂದರೆ ಎರಡು ಕವಲು: ಡೇಟಾ ಒಂದು, ರಿಸೋರ್ಸ್ ಇನ್ನೊಂದು. ಐಕಾನ್, ಮೆನು, ಪ್ರೋಗ್ರಾಮಿನ ಕೋಡ್ ಎಲ್ಲ ಎರಡನೇ ಕವಲಿನಲ್ಲಿ. ಡಾಸ್‌ಗೆ ಎರಡನೇ ಕವಲು ಅನ್ನುವುದೇ ಗೊತ್ತಿಲ್ಲ, ಅದು ದಾರಿಯಲ್ಲೇ ಬಿದ್ದುಹೋಗುತ್ತದೆ. ಅದಕ್ಕೇ 1985ರಲ್ಲಿ ಮ್ಯಾಕ್‌ಬೈನರಿ ಬಂತು. 128 ಬೈಟ್‌ನ ತಲೆಪಟ್ಟಿ, ಹಿಂದೆ ಎರಡೂ ಕವಲು, ಎಲ್ಲ ಸೇರಿ ಒಂದೇ ಫೈಲ್. ಆ 128 ಎಕ್ಸ್‌ಮೋಡೆಮ್‌ನ ತುಂಡಿಗೆ ಸರಿಯಾಗಿ ಹೊಂದುತ್ತದೆ.

ಈಗ ನಿಮ್ಮ ಫ್ಲಾಪಿಗೆ ಬರೋಣ. ಎದುರು ಬದಿಯ ಮೂಲೆಯಲ್ಲಿ ಎರಡನೇ ತೂತು ಇದೆಯಾ ನೋಡಿ. ಇದ್ದರೆ ಅದು ಬಹುಶಃ 1.44 ಎಂಬಿಯದ್ದು, ಬರೆದಿರುವುದು ಎಂಎಫ್‌ಎಂನಲ್ಲೇ. ನಿಮ್ಮ ಯುಎಸ್‌ಬಿ ಡ್ರೈವ್‌ಗೆ ಸೆಕ್ಟರ್‌ಗಳು ಕಾಣುತ್ತವೆ, ಕಡತ ವ್ಯವಸ್ಥೆ ಮಾತ್ರ ವಿಂಡೋಸ್‌ಗೆ ಗೊತ್ತಿಲ್ಲ. ಇಡೀ ಡಿಸ್ಕನ್ನು ಇಮೇಜ್ ಫೈಲಾಗಿ (ಡಿಸ್ಕಿನ ಪೂರ್ತಿ ನಕಲು ಒಂದೇ ಫೈಲಿನಲ್ಲಿ) ಇಳಿಸಿಕೊಂಡು ಎಚ್‌ಎಫ್‌ಎಸ್‌ಯುಟಿಲ್ಸ್‌ನಂಥ ಉಪಕರಣದಿಂದ ತೆರೆಯಿರಿ. ಎರಡನೇ ತೂತು ಇಲ್ಲದಿದ್ದರೆ ಅದು 400 ಅಥವಾ 800 ಕೆಬಿಯದ್ದು. ಆಗ ಯುಎಸ್‌ಬಿ ಡ್ರೈವ್ ಎತ್ತಿಡಿ. ಸೂಪರ್‌ಡ್ರೈವ್ ಇರುವ ಹಳೆ ಮ್ಯಾಕ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಗ್ರೀಸ್‌ವೀಜಲ್ ಅನ್ನುವ ಪುಟ್ಟ ಬೋರ್ಡ್ ಇದೆ, ಹಳೆ ಪಿಸಿಯ ಒಳಗಿನ ಫ್ಲಾಪಿ ಡ್ರೈವನ್ನು ಅದಕ್ಕೆ ಜೋಡಿಸಬೇಕು. ಅದು ಬಿಟ್ ಹುಡುಕುವುದೇ ಇಲ್ಲ, ಕಾಂತದ ತಿರುವುಗಳ ಸಮಯವನ್ನೇ ನೇರ ಬರೆದುಕೊಳ್ಳುತ್ತದೆ. ಯಾವ ನಿಯಮದ ಬರವಣಿಗೆ ಅಂತ ಆಮೇಲೆ ನಿಧಾನವಾಗಿ ಬಿಡಿಸಬಹುದು. ಇಮೇಜ್ ಸಿಕ್ಕಮೇಲೆ ಹಳೆ ಮ್ಯಾಕ್‌ನ ಹಾಗೆ ನಟಿಸುವ ಮಿನಿ ವಿಮ್ಯಾಕ್ ಎಮ್ಯುಲೇಟರ್‌ನಲ್ಲಿ ಹಾಕಿದರೆ, ತಂದೆಯವರು ಆಗ ನೋಡುತ್ತಿದ್ದ ಕಪ್ಪು ಬಿಳುಪು ಪರದೆಯ ಮೇಲೇ ಫೈಲ್ ತೆರೆಯಬಹುದು. ಅವರು ಬಳಸುತ್ತಿದ್ದ ಪ್ರೋಗ್ರಾಂ ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ.